ಏಳಿಸಿ, ಓಡಿಸಬೇಡಿ

ಐಸಿಯುನಲ್ಲಿರುವ ರೋಗಿಯನ್ನು ಅಲುಗಾಡಿಸಬಾರದು ಎಂಬ ಹಳೆಯ ನಂಬಿಕೆಯನ್ನು ವೈದ್ಯಲೋಕ ಕೈಬಿಟ್ಟಿದೆ. ಒಳ್ಳೆಯದೇ ಆಯಿತು. ತೀವ್ರ ಕಾಯಿಲೆಯಲ್ಲಿ ಮಲಗಿದವರ ತೊಡೆಯ ಸ್ನಾಯು ಹತ್ತೇ ದಿನಗಳಲ್ಲಿ ಆರನೇ ಒಂದು ಭಾಗಕ್ಕೂ ಹೆಚ್ಚು ಕರಗುವುದನ್ನು 2013ರಲ್ಲಿ ಲಂಡನ್ನಿನ ಸಂಶೋಧಕರು ಅಳೆದು ತೋರಿಸಿದರು. ಆದರೆ ಈಗ ಅದರ ಜಾಗಕ್ಕೆ ಬಂದಿರುವ, ಎಷ್ಟು ಹೆಚ್ಚು ಚಟುವಟಿಕೆಯೋ ಅಷ್ಟು ಒಳ್ಳೆಯದು ಎಂಬ ವಾದವನ್ನು ಅದರ ಸದುದ್ದೇಶಕ್ಕೆ ಗೌರವ ಕೊಟ್ಟೇ ನಾನು ಒಪ್ಪಲಾರೆ.

ಈ ಉತ್ಸಾಹಕ್ಕೆ ಬಲ ತುಂಬಿದ್ದು ಅಮೆರಿಕದ ಎರಡು ಆಸ್ಪತ್ರೆಗಳಲ್ಲಿ ನಡೆದು, 2009ರಲ್ಲಿ 'ಲ್ಯಾನ್ಸೆಟ್' ಪ್ರಕಟಿಸಿದ ಅಧ್ಯಯನ. ವೆಂಟಿಲೇಟರ್ ಮೇಲಿದ್ದ 104 ಮಂದಿಯಲ್ಲಿ ಒಂದು ಗುಂಪಿಗೆ ಸುಮಾರು ಒಂದೂವರೆ ದಿನದಲ್ಲೇ ಫಿಸಿಯೋಥೆರಪಿ ಶುರುವಾಯಿತು. ಇನ್ನೊಂದಕ್ಕೆ ವಾರ ಕಳೆದ ಮೇಲೆ. ಆಸ್ಪತ್ರೆ ಬಿಡುವಾಗ ಮೊದಲ ಗುಂಪಿನ ಶೇ 59ರಷ್ಟು ಜನ ಸ್ವತಂತ್ರವಾಗಿ ಓಡಾಡಿ ತಮ್ಮ ಕೆಲಸ ತಾವೇ ಮಾಡಿಕೊಳ್ಳಬಲ್ಲವರಾಗಿದ್ದರು. ಎರಡನೆಯದರಲ್ಲಿ ಶೇ 35ರಷ್ಟು ಮಾತ್ರ.

ಹಾಗಿದ್ದರೆ ಇನ್ನಷ್ಟು ಮಾಡಿದರೆ ಇನ್ನಷ್ಟು ಲಾಭವೇ? 2022ರ 'ಟೀಮ್' ಪ್ರಯೋಗ ಇದನ್ನೇ ಆರು ದೇಶಗಳ 750 ರೋಗಿಗಳಲ್ಲಿ ಪರೀಕ್ಷಿಸಿತು. ಒಂದು ಗುಂಪಿಗೆ ದಿನಕ್ಕೆ ಸುಮಾರು 21 ನಿಮಿಷದ ಚಟುವಟಿಕೆ, ಇನ್ನೊಂದಕ್ಕೆ ವಾಡಿಕೆಯಂತೆ ಸುಮಾರು 9 ನಿಮಿಷ. 180 ದಿನಗಳಲ್ಲಿ ಬದುಕುಳಿದು ಆಸ್ಪತ್ರೆಯ ಹೊರಗೆ ಕಳೆದ ದಿನಗಳು ಕ್ರಮವಾಗಿ 143 ಮತ್ತು 145. ಎದೆಬಡಿತ ಲಯ ತಪ್ಪುವುದು, ಆಮ್ಲಜನಕ ಕುಸಿಯುವುದು ಮುಂತಾದ ತೊಂದರೆಗಳು ಮಾತ್ರ ಶೇ 4.1ರಿಂದ ಶೇ 9.2ಕ್ಕೆ ಏರಿದವು.

ಇದನ್ನು ಹಿಡಿದು ರೋಗಿಯನ್ನು ಮಲಗಿಸಿಯೇ ಇಡೋಣ ಎನ್ನುವವರಿಗೂ ನನ್ನ ಒಪ್ಪಿಗೆಯಿಲ್ಲ. 'ಟೀಮ್' ಪ್ರಯೋಗದ ವಾಡಿಕೆಯ ಗುಂಪಿನವರನ್ನೂ ಸುಮ್ಮನೆ ಮಲಗಿಸಿರಲಿಲ್ಲ. ಎರಡೂ ಅಧ್ಯಯನಗಳನ್ನು ಜೊತೆಗಿಟ್ಟು ಓದಿದರೆ ನನಗೆ ಕಾಣುವುದಿಷ್ಟು: ಏನೂ ಮಾಡದಿರುವುದಕ್ಕೂ ಸ್ವಲ್ಪ ಮಾಡುವುದಕ್ಕೂ ನಡುವೆ ದೊಡ್ಡ ಅಂತರವಿದೆ; ಸ್ವಲ್ಪಕ್ಕೂ ಬಹಳಕ್ಕೂ ನಡುವೆ ಅಂಥ ಲಾಭವಿಲ್ಲ, ಅಪಾಯವಿದೆ. ಚಲನೆಯೂ ಔಷಧದಂತೆಯೇ, ಅದಕ್ಕೂ ಪ್ರಮಾಣ ಬೇಕು.

ಆದ್ದರಿಂದ ಆಸ್ಪತ್ರೆಗಳು ನಿಮಿಷಗಳ ಗುರಿ ಹಾಕಿಕೊಳ್ಳುವ ಮುನ್ನ ಮಂಪರಿನ ಔಷಧ ತಗ್ಗಿಸಿ ರೋಗಿಯನ್ನು ಎಚ್ಚರವಾಗಿಡಲಿ. ಮಂಚದಂಚಿನಲ್ಲಿ ಕೂರಿಸಲು ಬೇಕಾದ ನರ್ಸ್, ಫಿಸಿಯೋಥೆರಪಿಸ್ಟ್‌ಗಳನ್ನು ನೇಮಿಸಲಿ. ಕೂತವರು ನಿಲ್ಲಬೇಕೋ, ನಾಲ್ಕು ಹೆಜ್ಜೆ ಇಡಬೇಕೋ ಎಂಬುದನ್ನು ಆ ದಿನದ ಅವರ ಉಸಿರು, ನಾಡಿ, ರಕ್ತದೊತ್ತಡ ನೋಡಿ ತೀರ್ಮಾನಿಸಲಿ. ಮನೆಯವರೂ "ಯಾವಾಗ ನಡೆಸುತ್ತೀರಿ?" ಎಂದು ಒತ್ತಾಯಿಸುವ ಬದಲು "ಇವತ್ತು ಎಚ್ಚರವಿದ್ದರಾ, ಕೂತಿದ್ದರಾ?" ಎಂದು ಕೇಳಲಿ. ರೋಗಿಗೆ ನಿಜವಾಗಿ ನೆರವಾಗುವ ಪ್ರಶ್ನೆ ಇದು.