ಸುಟ್ಟರೆ ಹೋಗದ ವಿಷ

ಹೋದ ಬೇಸಿಗೆಯಲ್ಲಿ ನಾನು ಹೊಲಕ್ಕೆ ಹೊಡೆದ ಔಷಧಿಯ ಖಾಲಿ ಡಬ್ಬಿಗಳನ್ನು ಬೇಲಿ ಪಕ್ಕ ಹಾಕಿ ಬೆಂಕಿ ಇಟ್ಟೆ. ಹೊಗೆಯೆಲ್ಲಾ ನಮ್ಮ ಮನೆಯೊಳಗೇ ಬಂತು. ತಂಗಿ ಕೆಮ್ಮಿ ಕೆಮ್ಮಿ ಸುಸ್ತಾದಳು. ಅವ್ವ ಬೈದಳು. ಸುಟ್ಟರೆ ಎಲ್ಲಾ ಹೋಗ್ತದೆ ಅಂತ ನಾನು ತಿಳಿದಿದ್ದೆ. ಹೋಗೋದಿಲ್ಲ. ಕ್ಲೋರಿನ್ ಇರುವ ರಾಸಾಯನಿಕಗಳನ್ನು ಹೀಗೆ ಸುಟ್ಟರೆ ಡಯಾಕ್ಸಿನ್ ಎಂಬ ಇನ್ನೂ ಕೆಟ್ಟ ವಿಷ ಹುಟ್ಟಬಹುದು ಎಂದು ವಿಜ್ಞಾನದ ಮೇಷ್ಟ್ರು ಹೇಳಿದರು.

ನಾಲ್ಕು ಡಬ್ಬಿಗೇ ಹೀಗಾದರೆ ಕಾರ್ಖಾನೆಯ ವಿಷವನ್ನು ಏನು ಮಾಡಬೇಕು? ಅದಕ್ಕೆ ಪ್ಲಾಸ್ಮಾ ಎಂಬ ಉಪಾಯ ಇದೆ. ಅನಿಲಕ್ಕೆ ವಿಪರೀತ ಶಾಖ ಕೊಟ್ಟರೆ ಪರಮಾಣುಗಳಿಂದ ಎಲೆಕ್ಟ್ರಾನ್‌ಗಳು ಬಿಟ್ಟುಹೋಗುತ್ತವೆ. ಅದೇ ಪ್ಲಾಸ್ಮಾ. ನಾವೆಲ್ಲಾ ಅದನ್ನು ನೋಡಿದ್ದೇವೆ, ಮಿಂಚಿನಲ್ಲಿ ಇರುವುದು ಅದೇ. ಆಸ್ಟ್ರೇಲಿಯಾದವರು ಮಾಡಿದ ಪ್ಲಾಸ್ಕಾನ್ ಎಂಬ ಯಂತ್ರದಲ್ಲಿ ಆರ್ಗಾನ್ ಅನಿಲದೊಳಗೆ ವಿದ್ಯುತ್ ಹಾಯಿಸಿ 10,000 ಡಿಗ್ರಿಗೂ ಹೆಚ್ಚು ಶಾಖ ಹುಟ್ಟಿಸ್ತಾರೆ. ಅದರೊಳಗೆ ಬಿಟ್ಟ ವಿಷದ ಅಣುಗಳು ಕಣ್ಣು ಮಿಟುಕಿಸುವುದರೊಳಗೆ ಒಡೆದು ಹೋಗುತ್ತವೆ. ಕೂಡಲೇ ನೀರು ಚಿಮ್ಮಿಸಿ ತಣ್ಣಗೆ ಮಾಡ್ತಾರೆ. ಯಾಕೆಂದರೆ ನಿಧಾನಕ್ಕೆ ತಣ್ಣಗಾದರೆ ಒಡೆದ ಚೂರುಗಳು ಮತ್ತೆ ಕೂಡಿಕೊಂಡು ಡಯಾಕ್ಸಿನ್ ಆಗಬಹುದು! ಕೊನೆಗೆ ಕ್ಲೋರಿನ್ ಬರೀ ಉಪ್ಪಾಗಿ ಹೊರಗೆ ಬರ್ತದೆ.

1992ರಲ್ಲೇ ಮೆಲ್ಬೋರ್ನ್ ನಗರದ ಒಂದು ಕಳೆನಾಶಕ ಕಾರ್ಖಾನೆ ಈ ಯಂತ್ರವನ್ನು ತನ್ನ ಅಂಗಳದಲ್ಲೇ ಹಾಕಿಕೊಂಡಿತು. ವಿಷ ಮಾಡಿದವರು ಅದನ್ನು ಅಲ್ಲೇ ಮುಗಿಸಬೇಕು, ಇದೇ ನನ್ನ ಅಭಿಪ್ರಾಯ. ನಮ್ಮ ದೇಶದಲ್ಲಿ ಏನಾಯ್ತು ನೋಡಿ. 1984ರ ಡಿಸೆಂಬರಿನಲ್ಲಿ ಭೋಪಾಲದಲ್ಲಿ ವಿಷಾನಿಲ ಸೋರಿ ಸಾವಿರಾರು ಜನ ಸತ್ತರು. ಆ ಕಾರ್ಖಾನೆಯ ವಿಷದ ಕಸ 40 ವರ್ಷ ಅಲ್ಲೇ ಬಿದ್ದಿತ್ತು. 2025ರ ಜನವರಿಯಲ್ಲಿ ಸುಮಾರು 337 ಟನ್ ಕಸವನ್ನು ಲಾರಿಗಳಲ್ಲಿ ಪೀತಂಪುರಕ್ಕೆ ಒಯ್ದರು. ಅಲ್ಲಿನ ಜನ ಬೇಡವೆಂದು ಬೀದಿಗಿಳಿದರು. ಆದರೂ ಅಲ್ಲೇ ಕುಲುಮೆಯಲ್ಲಿ ಸುಟ್ಟರು. ಅವರೇನು ತಪ್ಪು ಮಾಡಿದ್ದರು?

ಪ್ಲಾಸ್ಮಾ ಇದ್ದರೆ ಎಲ್ಲಾ ಸರಿಹೋಗ್ತದೆ ಅಂತ ನಾನು ಹೇಳೋದಿಲ್ಲ. ಪ್ಲಾಸ್ಕಾನ್‌ಗೆ ದ್ರವ ಮತ್ತು ಅನಿಲ ಮಾತ್ರ ಆಗ್ತದೆ. ಭೋಪಾಲದ ಕಸದಲ್ಲಿ ಮಣ್ಣೂ ಬೆರೆತಿತ್ತು, ಅದನ್ನು ನೇರವಾಗಿ ಸುರಿಯಲು ಬರುತ್ತಿರಲಿಲ್ಲ. ಅದಕ್ಕೇ ವಿಷ ಮಣ್ಣಿಗೆ ಸೇರುವ ಮೊದಲೇ ಈ ಕೆಲಸ ಆಗಬೇಕು. ಒಂದು ಯಂತ್ರಕ್ಕೆ 150 ಕಿಲೋವ್ಯಾಟ್ ವಿದ್ಯುತ್ ಬೇಕು. ಲೆಕ್ಕ ಹಾಕಿದೆ, 5 ಎಚ್‌ಪಿಯ 40 ಪಂಪ್‌ಸೆಟ್ಟು ಒಟ್ಟಿಗೆ ಓಡಿದ ಹಾಗೆ. ಖರ್ಚು ಜಾಸ್ತಿಯೇ. ಮಾರಿ ಲಾಭ ಮಾಡುವವರೇ ಅದನ್ನು ಕೊಡಲಿ.

ನಮ್ಮ ಬೇಲಿ ಪಕ್ಕ ಇನ್ನೂ ಆರು ಡಬ್ಬಿ ಉಳಿದಿವೆ. ಅಪ್ಪ ಗೋಣಿಚೀಲದಲ್ಲಿ ಕಟ್ಟಿ ಕೊಟ್ಟಿಗೆಯಿಂದ ದೂರ ಇಟ್ಟಿದ್ದಾರೆ. ವಾಪಸ್ ತಗೊಳ್ತೀರಾ ಅಂತ ಅಂಗಡಿಯವರನ್ನು ಕೇಳಿದೆ. ಅವರು ನಕ್ಕುಬಿಟ್ಟರು.

– 7ನೇ ತರಗತಿ