ಅನುದಾನ ತಂದೆವು ಎನ್ನುವ ಚಾಳಿ

ಬಳ್ಳಾರಿ ಜಿಲ್ಲೆಗೆ ದುಡ್ಡಿಲ್ಲ ಎಂಬ ಮಾತನ್ನು ಇನ್ನು ಯಾರೂ ಆಡಬಾರದು. ಈ ಜಿಲ್ಲೆಗೆ ಇವತ್ತು ಮೂರು ಕಡೆಯಿಂದ ವಿಶೇಷ ಹಣ ಬರುತ್ತದೆ. ಸಂವಿಧಾನದ 371(ಜೆ) ವಿಧಿಯಿಂದಾಗಿ ಬಂದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯದು ಒಂದು. 2015ರ ಗಣಿ ಕಾಯ್ದೆ ತಿದ್ದುಪಡಿಯಿಂದ ಹುಟ್ಟಿದ ಜಿಲ್ಲಾ ಖನಿಜ ಪ್ರತಿಷ್ಠಾನದ್ದು ಇನ್ನೊಂದು. ಹಳೆಯ ಗುತ್ತಿಗೆದಾರರು ರಾಜಧನದ ಶೇ 30ರಷ್ಟನ್ನು, ಹರಾಜಿನಲ್ಲಿ ಗಣಿ ಹಿಡಿದವರು ಶೇ 10ರಷ್ಟನ್ನು ಇದಕ್ಕೆ ಕಟ್ಟಬೇಕು. ಮೂರನೆಯದು ಸುಪ್ರೀಂ ಕೋರ್ಟ್ ಆದೇಶದ ಫಲವಾದ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ. ಹಳೆಯ ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಣಿಬಾಧಿತ ಊರುಗಳಿಗಾಗಿ ಅದರ ಕೈಯಲ್ಲಿರುವ ಯೋಜನೆಯ ಮೊತ್ತ ಸುಮಾರು 25 ಸಾವಿರ ಕೋಟಿ ರೂಪಾಯಿ.

ಇಷ್ಟಿದ್ದೂ ಗಣಿ ಲಾರಿ ಓಡಾಡುವ ರಸ್ತೆಯ ಬದಿಯ ಹಳ್ಳಿಗಳಲ್ಲಿ ಕೆಟ್ಟು ನಿಂತ ಶುದ್ಧ ಕುಡಿಯುವ ನೀರಿನ ಘಟಕಗಳನ್ನು ನೋಡಬೇಕು. ಗೋಡೆಯ ಮೇಲೆ ಯೋಜನೆಯ ಹೆಸರು, ಉದ್ಘಾಟಿಸಿದವರ ಹೆಸರು, ಅಂದಾಜು ಮೊತ್ತ, ಎಲ್ಲವೂ ಇದೆ. ನಾಣ್ಯ ಹಾಕುವ ಕಿಂಡಿಯಲ್ಲಿ ಕೆಂಪು ದೂಳು ಕೂತಿದೆ. ನಲ್ಲಿಯ ಬಾಯಿ ಒಣಗಿದೆ. ಕೇಳಿದರೆ ಏಜೆನ್ಸಿಯವರು ನಿರ್ವಹಣೆ ಅವಧಿ ಮುಗಿಯಿತು ಅನ್ನುತ್ತಾರೆ, ಪಂಚಾಯಿತಿಯವರು ನಮಗಿನ್ನೂ ಹಸ್ತಾಂತರ ಆಗಿಲ್ಲ ಅನ್ನುತ್ತಾರೆ, ಎಂಜಿನಿಯರ್ ಅದು ನಮ್ಮ ಇಲಾಖೆಯ ಕಾಮಗಾರಿಯೇ ಅಲ್ಲ ಅನ್ನುತ್ತಾರೆ. ಇದನ್ನು ರಿಪೇರಿ ಮಾಡಿಸಲು ಯಾವ ಲೆಕ್ಕಶೀರ್ಷಿಕೆಯಲ್ಲೂ ಹಣವಿಲ್ಲ. ಪಕ್ಕದಲ್ಲೇ ಹೊಸದೊಂದನ್ನು ಕಟ್ಟಲು ಮಾತ್ರ ಬೇಕಾದಷ್ಟಿದೆ. ರಿಪೇರಿಗೆ ಟೇಪು ಕತ್ತರಿಸುವ ಸಮಾರಂಭ ಇರುವುದಿಲ್ಲವಲ್ಲ!

ಇದು ಬಡತನವಲ್ಲ, ಸೋಮಾರಿತನ. ಕ್ರಿಯಾ ಯೋಜನೆ ಎಂದು ನಾವು ಕರೆಯುವುದರಲ್ಲಿ ಕ್ರಿಯೆಯೂ ಇಲ್ಲ, ಯೋಜನೆಯೂ ಇಲ್ಲ. ಇರುವುದು ಕಾಮಗಾರಿಗಳ ಪಟ್ಟಿ ಮಾತ್ರ. ಬಂದ ಹಣವನ್ನು ಕ್ಷೇತ್ರವಾರು ಹಂಚಿಕೊಳ್ಳುತ್ತಾರೆ. ಆಪ್ತರು ಕೊಟ್ಟ ಚೀಟಿಗಳನ್ನು ಸೇರಿಸಿ ಪಟ್ಟಿ ಬೆಳೆಸುತ್ತಾರೆ: ಇಲ್ಲೊಂದು ಸಿಸಿ ರಸ್ತೆ, ಅಲ್ಲೊಂದು ಸಮುದಾಯ ಭವನ, ಇನ್ನೊಂದೆಡೆ ಹೈಮಾಸ್ಟ್ ದೀಪ. ಒಂದು ಪಟ್ಟಿಯಲ್ಲಿ ಏನಿದೆ ಎಂದು ಇನ್ನೊಂದು ಪಟ್ಟಿ ಮಾಡುವವರು ಕೇಳುವುದಿಲ್ಲ. ಒಂದು ಹಣದಲ್ಲಿ ಆಸ್ಪತ್ರೆ ಕಟ್ಟಡ ಏಳುತ್ತದೆ, ಅದಕ್ಕೆ ನರ್ಸ್ ಕೊಡುವುದು ಬೇರೆಯವರ ಕೆಲಸ. ಒಂದು ಹಣದಲ್ಲಿ ಶಾಲೆಗೆ ಕೊಠಡಿ ಬರುತ್ತದೆ, ಶಿಕ್ಷಕರ ಹುದ್ದೆ ಖಾಲಿಯೇ ಇರುತ್ತದೆ. ಫಲ ಕಣ್ಣೆದುರಿಗಿದೆ. ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ 2024ರಲ್ಲಿ ರಾಜ್ಯಕ್ಕೆ ಕೊನೆ ಯಾದಗಿರಿ, 2025ರಲ್ಲಿ ಕಲಬುರಗಿ. ಎರಡೂ ಕಲ್ಯಾಣ ಕರ್ನಾಟಕ ಮಂಡಳಿಯ ವ್ಯಾಪ್ತಿಯವೇ. ಕಲಬುರಗಿಯಂತೂ ಅದರ ಕೇಂದ್ರಸ್ಥಾನ.

ದಾರಿ ತೋರಿಸುವವರಿರಲಿಲ್ಲ ಎಂದು ಹೇಳಿಕೊಳ್ಳುವಂತೆಯೂ ಇಲ್ಲ. ಡಾ. ಡಿ.ಎಂ. ನಂಜುಂಡಪ್ಪ ಅವರ ಸಮಿತಿ 2002ರಲ್ಲೇ ಆಗಿನ 175 ತಾಲ್ಲೂಕುಗಳನ್ನು ಒಂದೊಂದಾಗಿ ಅಳೆದು 114 ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದು ಬರೆದುಕೊಟ್ಟಿತು. ಎಂಟು ವರ್ಷದಲ್ಲಿ 31 ಸಾವಿರ ಕೋಟಿ ರೂಪಾಯಿ ಹಾಕಿ ಅಂತರ ತಗ್ಗಿಸಿ ಎಂದಿತು. ಸಮಿತಿ ಕೇಳಿದ್ದು ಅಂತರ ತಗ್ಗಿತೇ ಎಂದು. ನಾವು ಪ್ರತಿವರ್ಷ ಲೆಕ್ಕ ಕೊಟ್ಟಿದ್ದು ಎಷ್ಟು ಖರ್ಚಾಯಿತು ಎಂದು. ಮಾರ್ಚ್ ತಿಂಗಳಲ್ಲಿ ಬಿಲ್ಲು ಪಾಸಾದರೆ ಅದೇ ಪ್ರಗತಿ. ಇಪ್ಪತ್ತು ವರ್ಷ ಕಳೆದ ಮೇಲೆ, ಪ್ರಾದೇಶಿಕ ಅಸಮತೋಲನ ಅಳೆಯಲು ಸರ್ಕಾರ ಪ್ರೊ. ಎಂ. ಗೋವಿಂದರಾವ್ ಅವರ ನೇತೃತ್ವದಲ್ಲಿ ಮತ್ತೊಂದು ಸಮಿತಿ ನೇಮಿಸಬೇಕಾಯಿತು. ಹೊಸ ಸಮಿತಿಯ ಬಗ್ಗೆ ನನ್ನ ತಕರಾರಿಲ್ಲ. ಹಳೆಯ ವರದಿಯನ್ನು ಅನುದಾನ ಕೇಳುವಾಗ ಮಾತ್ರ ನೆನೆದು, ಖರ್ಚು ಮಾಡುವಾಗ ಮರೆತ ನಡವಳಿಕೆಯ ಬಗ್ಗೆ ತಕರಾರಿದೆ.

ಗಣಿ ಹಣದ ಕತೆ ಇದಕ್ಕಿಂತ ಕಹಿ. 2011ರಲ್ಲಿ ಸುಪ್ರೀಂ ಕೋರ್ಟ್ ಇಲ್ಲಿ ಗಣಿಗಾರಿಕೆಯನ್ನು ಕೆಲಕಾಲ ನಿಲ್ಲಿಸಿತು. ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ ಅಕ್ರಮ ಗಣಿಗಾರಿಕೆಯ ವಿರುದ್ಧ ಹೋರಾಡಿ ಗೆದ್ದ ಪ್ರಕರಣ ಅದು. 2013ರ ತೀರ್ಪಿನ ನಂತರ, 2014ರಲ್ಲಿ ನಿಗಮ ರಚನೆಯಾಯಿತು. ಯೋಜನೆಗೆ ಕೋರ್ಟಿನ ಒಪ್ಪಿಗೆ ಸಿಕ್ಕಿ, ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿ ಅವರು ಮೇಲುಸ್ತುವಾರಿಗೆ ಬಂದದ್ದು 2022ರಲ್ಲಿ. ನಿಗಮದ ಜೊತೆಗೇ ಹುಟ್ಟಿದ ಸಂಡೂರಿನ ಮಗು ಅಷ್ಟರಲ್ಲಿ ಮೂರನೇ ಕ್ಲಾಸಿಗೆ ಬಂದಿತ್ತು. ಅಷ್ಟೂ ವರ್ಷ ಅದು ಉಸಿರಾಡಿದ್ದು ಅದೇ ದೂಳನ್ನು. ಗುಡ್ಡದಿಂದ ಒಮ್ಮೆ ಹೋದ ಅದಿರು ಮರಳಿ ಬರುವುದಿಲ್ಲ. ಅದರ ಬದಲಿಗೆ ಬಂದ ಹಣ ಆ ಮಗುವಿನ ಆರೋಗ್ಯವಾಗಿ, ಓದಾಗಿ, ಹೊಲಕ್ಕೆ ನೀರಾಗಿ ಉಳಿಯಬೇಕು. ಅದನ್ನು ಸ್ವಾಗತ ಕಮಾನಿಗೆ ಸುರಿಯುವುದು ಆ ಮಗುವಿನ ಪಾಲನ್ನು ಕಸಿದಂತೆ.

ಮೂರೂ ಹಣವನ್ನು ಒಂದೇ ಕಡೆ ಇಟ್ಟು ನೋಡಬೇಕಾದ ಸಂಸ್ಥೆ ಸಂವಿಧಾನದಲ್ಲೇ ಇದೆ. 243ಝಡ್‌ಡಿ ವಿಧಿಯ ಜಿಲ್ಲಾ ಯೋಜನಾ ಸಮಿತಿ ಅದು. ಅದರ ಐದರಲ್ಲಿ ನಾಲ್ಕು ಪಾಲು ಸದಸ್ಯರು ಜಿಲ್ಲಾ ಪಂಚಾಯಿತಿ ಮತ್ತು ನಗರಸಭೆ, ಪುರಸಭೆಗಳ ಚುನಾಯಿತರಿಂದಲೇ ಆಯ್ಕೆಯಾಗಬೇಕು. ಆದರೆ ಕರ್ನಾಟಕದಲ್ಲಿ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ ಕೊನೆಯ ಸಾರ್ವತ್ರಿಕ ಚುನಾವಣೆ ನಡೆದದ್ದು 2016ರಲ್ಲಿ. 2021ರಲ್ಲಿ ಅವಧಿ ಮುಗಿದ ಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಎಂದು ವರ್ಷಗಳನ್ನು ದೂಡಲಾಯಿತು. ಪಕ್ಷ ಬದಲಾಯಿತು, ನೆಪ ಬದಲಾಗಲಿಲ್ಲ. ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬರು 1980ರ ದಶಕದಲ್ಲಿ ಜಿಲ್ಲಾ ಪರಿಷತ್ತುಗಳನ್ನು ಕಟ್ಟಿ ದೇಶಕ್ಕೇ ಮಾದರಿಯಾಗಿಸಿದ ನಾಡು ಇದು. ಆ ಹೆಮ್ಮೆಯನ್ನು ಭಾಷಣದಲ್ಲಿ ಹೇಳಿಕೊಳ್ಳುವ ಶಾಸಕರೇ, ಜಿಲ್ಲಾ ಪಂಚಾಯಿತಿ ಸದಸ್ಯ ಇಲ್ಲದಿದ್ದರೆ ಪಟ್ಟಿಯ ಮೇಲೆ ನಿಮ್ಮೊಬ್ಬರದೇ ಕೈ ನಡೆಯುತ್ತದೆ ಎಂಬ ಲೆಕ್ಕ ಜನಕ್ಕೆ ಅರ್ಥವಾಗದೆ ಇಲ್ಲ.

ಹಾಗೆಂದು ಊರಿನವರು ಕೈತೊಳೆದುಕೊಳ್ಳುವಂತಿಲ್ಲ. ಶಾಸಕರು ಊರಿಗೆ ಬಂದಾಗ ನಾವು ಕೊಡುವ ಅರ್ಜಿ ಏನು? ನಮ್ಮ ಜಾತಿಗೊಂದು ಭವನ, ನಮ್ಮ ಓಣಿಗೊಂದು ಕಾಂಕ್ರೀಟು. ಉಪಕೇಂದ್ರಕ್ಕೆ ನರ್ಸ್ ಬೇಕು ಎಂದು ಸಹಿ ಹಾಕಿದ ಅರ್ಜಿ ಎಷ್ಟಿವೆ? ಗ್ರಾಮಸಭೆಗೆ ಕೋರಂ ಇಲ್ಲದಿದ್ದರೂ ನಡಾವಳಿ ಪುಸ್ತಕಕ್ಕೆ ಆಮೇಲೆ ಮನೆಯಲ್ಲೇ ಕೂತು ಸಹಿ ಮಾಡುವವರೂ ನಾವೇ.

ಖನಿಜ ಪ್ರತಿಷ್ಠಾನದ ಹಣಕ್ಕೆ ಕೇಂದ್ರ 2024ರಲ್ಲಿ ಹೊಸ ಮಾರ್ಗಸೂಚಿ ತಂದಿದೆ. ಗಣಿಯಿಂದ 15 ಕಿಲೋಮೀಟರ್ ಒಳಗಿನ ಪ್ರದೇಶ ನೇರ ಬಾಧಿತ. ಹಣದಲ್ಲಿ ಕನಿಷ್ಠ ಶೇ 70 ಕುಡಿಯುವ ನೀರು, ಆರೋಗ್ಯ, ಶಿಕ್ಷಣ, ಪರಿಸರದಂಥ ಆದ್ಯತೆಗಳಿಗೆ ಹೋಗಬೇಕು. ಮೊದಲು ಸಮೀಕ್ಷೆ, ಅದರ ಮೇಲೆ ಐದು ವರ್ಷದ ಯೋಜನೆ. ಬಾಧಿತ ಊರುಗಳ ಪಟ್ಟಿ, ಕಾಮಗಾರಿ, ಖರ್ಚು ಎಲ್ಲವೂ ವೆಬ್‌ಸೈಟಿನಲ್ಲಿರಬೇಕು. ಜಿಲ್ಲಾಧಿಕಾರಿಗಳು ಆ ಐದು ವರ್ಷದ ಯೋಜನೆಯ ಜೊತೆ ಮಂಡಳಿಯ ಮತ್ತು ನಿಗಮದ ಪಟ್ಟಿಗಳನ್ನು ಊರುವಾರು ಸೇರಿಸಿ, ಕನ್ನಡದಲ್ಲಿ ಅಚ್ಚು ಹಾಕಿಸಿ, ಪ್ರತಿ ಪಂಚಾಯಿತಿಗೆ ಕಳಿಸಲಿ. ಇದಕ್ಕೆ ಹೊಸ ಕಾನೂನು ಬೇಡ, ಹೊಸ ಅನುದಾನವೂ ಬೇಡ. ಮುಂದಿನ ಗ್ರಾಮಸಭೆಯಲ್ಲಿ ಪಿಡಿಒ ಆ ಪಟ್ಟಿಯನ್ನು ಗಟ್ಟಿಯಾಗಿ ಓದಿ ಮುಗಿಸುವವರೆಗೆ ಊರಿನವರು ನಡಾವಳಿ ಪುಸ್ತಕಕ್ಕೆ ಸಹಿ ಹಾಕಕೂಡದು.