ತರಬೇತುದಾರನ ನಿರ್ಗಮನವೂ ಅಭಿಮಾನಿಯ ನಿಷ್ಠೆಯೂ

ಅಮೆರಿಕ ಸಂಯುಕ್ತ ಸಂಸ್ಥಾನದ ಟೆನೆಸ್ಸೀ ರಾಜ್ಯದಲ್ಲಿ, ಅದೇ ಹೆಸರಿನ ನದಿಯ ದಡದ ಮೇಲೆ, ನಾಕ್ಸ್‌ವಿಲ್ ಎಂಬ ಊರಿದೆ. ಅಲ್ಲಿಯ ವಿಶ್ವವಿದ್ಯಾಲಯದ ಬೇಸ್‌ಬಾಲ್ ತಂಡವನ್ನು ಎಂಟು ಋತುಗಳ ಕಾಲ ನಡೆಸಿದ ಟೋನಿ ವಿಟೆಲ್ಲೊ ಅವರು 2025ರ ಅಕ್ಟೋಬರ್ 22ರಂದು ಆ ಹುದ್ದೆಯನ್ನು ತೊರೆದು, ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಎಂಬ ವೃತ್ತಿಪರ ತಂಡದ ಮ್ಯಾನೇಜರ್ ಆದರು. ವೃತ್ತಿಪರ ಆಟದಲ್ಲಿ ಆಟಗಾರನಾಗಿಯಾಗಲಿ ತರಬೇತುದಾರನಾಗಿಯಾಗಲಿ ಒಂದು ದಿನವನ್ನೂ ಕಳೆಯದ ವ್ಯಕ್ತಿಯೊಬ್ಬರನ್ನು ಕಾಲೇಜಿನ ಅಂಗಳದಿಂದ ನೇರವಾಗಿ ಕರೆದೊಯ್ದು ಅಂತಹ ಪೀಠದಲ್ಲಿ ಕೂರಿಸಿದ ಉದಾಹರಣೆ ಅದಕ್ಕೆ ಮೊದಲು ಇರಲಿಲ್ಲ. ಲೋಕವು ಇದನ್ನು ಒಂದು ಸಾಹಸವೆಂದು ಕಂಡಿತು. ನಾಕ್ಸ್‌ವಿಲ್ ಮಾತ್ರ ಇದನ್ನು ಬೇರೊಂದು ಬಗೆಯಲ್ಲಿ ಕಂಡಿತು. ಅಲ್ಲಿಯ ಅಭಿಮಾನಿಗಳಲ್ಲಿ ಕೆಲವರು ಹೆಮ್ಮೆಪಟ್ಟರು, ಕೆಲವರು ಕೈಬಿಟ್ಟು ಹೋದನೆಂದು ನೊಂದುಕೊಂಡರು. ಒಬ್ಬನೇ ಅಭಿಮಾನಿಯ ಮನಸ್ಸಿನಲ್ಲಿ ಈ ಎರಡೂ ಭಾವಗಳು ಕೂಡಿ ಕುಳಿತದ್ದೂ ಉಂಟು.

ಅವರ ನೋವನ್ನು ಅರಿಯಬೇಕಾದರೆ ಹಿಂದಿನ ಸ್ಥಿತಿಯನ್ನು ಅರಿಯಬೇಕು. 2006ರಿಂದ 2018ರವರೆಗಿನ ಹದಿಮೂರು ಋತುಗಳಲ್ಲಿ ಟೆನೆಸ್ಸೀ ತಂಡವು ರಾಷ್ಟ್ರೀಯ ಪಂದ್ಯಾವಳಿಯ ಬಾಗಿಲನ್ನು ಒಂದು ಸಲವೂ ದಾಟಿರಲಿಲ್ಲ. ಆ ಊರು ಅಮೆರಿಕನ್ ಫುಟ್‌ಬಾಲಿನ ಊರು. ಬೇಸ್‌ಬಾಲ್ ಅಲ್ಲಿ ಮಲಮಗನಂತೆ ಬದುಕಿತ್ತು. ವಿಟೆಲ್ಲೊ ಅವರು ಬಂದದ್ದು 2017ರ ಬೇಸಗೆಯಲ್ಲಿ. 2019ರಲ್ಲಿ ಬಾಗಿಲು ತೆರೆಯಿತು. ದೇಶದ ಎಂಟೇ ಎಂಟು ಕಾಲೇಜು ತಂಡಗಳು ನೆಬ್ರಾಸ್ಕಾ ರಾಜ್ಯದ ಒಮಾಹಾ ನಗರದಲ್ಲಿ ಸೇರಿ ಆಡುವ ಅಂತಿಮ ಕೂಟಕ್ಕೆ 2021, 2023 ಮತ್ತು 2024ರಲ್ಲಿ ತಂಡವು ಹೋಯಿತು. 2022ರಲ್ಲಂತೂ ಋತುವಿನುದ್ದಕ್ಕೂ ಅಜೇಯವೆಂಬಂತೆ ಮೆರೆದು, ಒಮಾಹಾಕ್ಕೆ ಒಂದೇ ಮೆಟ್ಟಿಲಿರುವಾಗ ತನ್ನದೇ ಮೈದಾನದಲ್ಲಿ ನಾಟ್ರ್ ಡೇಮ್ ತಂಡಕ್ಕೆ ಸೋತಿತು. 2024ರ ಜೂನ್ 24ರಂದು ಟೆಕ್ಸಾಸ್ ಎ ಅಂಡ್ ಎಂ ತಂಡವನ್ನು 6–5ರಿಂದ ಸೋಲಿಸಿ, ಆ ವಿಶ್ವವಿದ್ಯಾಲಯದ ಬೇಸ್‌ಬಾಲ್ ಚರಿತ್ರೆಯ ಪ್ರಪ್ರಥಮ ರಾಷ್ಟ್ರೀಯ ಪ್ರಶಸ್ತಿಯನ್ನು ತಂದಿತು. ಆ ವರ್ಷ ಅರವತ್ತು ಗೆಲುವು, ಹದಿಮೂರು ಸೋಲು. ಇಷ್ಟನ್ನು ಕೊಟ್ಟವನು ಎದ್ದು ಹೊರಟಾಗ ಊರಿಗೆ ಬರಿದೆನಿಸುವುದು ಸಹಜವೇ ಸರಿ.

ಆದರೆ ಈ ದುಃಖದಲ್ಲಿ ವಿಚಾರ ಮಾಡಬೇಕಾದ ಒಂದು ವಿಚಿತ್ರವಿದೆ. ಕಾಲೇಜು ಬೇಸ್‌ಬಾಲಿನಲ್ಲಿ ಆಟಗಾರನು ತನ್ನ ಮೂರನೆಯ ವರ್ಷವನ್ನು ಮುಗಿಸಿದ ಮೇಲೆ, ಇಲ್ಲವೆ ಇಪ್ಪತ್ತೊಂದು ವಯಸ್ಸಾದ ಮೇಲೆ, ವೃತ್ತಿಪರ ತಂಡಗಳ ವಾರ್ಷಿಕ ಆಯ್ಕೆಗೆ ಅರ್ಹನಾಗುತ್ತಾನೆ. 2024ರ ಪ್ರಶಸ್ತಿ ಗೆದ್ದು ಮೂರು ವಾರ ತುಂಬುವಷ್ಟರಲ್ಲಿ ಕ್ರಿಶ್ಚಿಯನ್ ಮೂರ್ ಎಂಬ ತರುಣನನ್ನು ಲಾಸ್ ಏಂಜಲಿಸ್ ಏಂಜಲ್ಸ್ ತಂಡವು ದೇಶಕ್ಕೇ ಎಂಟನೆಯವನಾಗಿ ಆರಿಸಿಕೊಂಡಿತು. ನಾಕ್ಸ್‌ವಿಲ್ ಅದನ್ನು ಮನೆಯ ಮಗನಿಗೆ ದೊಡ್ಡ ಕೆಲಸ ಸಿಕ್ಕಂತೆ ಸಂಭ್ರಮಿಸಿತು. ವೃತ್ತಿಪರ ಆಟಕ್ಕೆ ಶಿಷ್ಯ ಹೋದರೆ ಹಬ್ಬ, ಗುರು ಹೋದರೆ ಸೂತಕ, ಇದೇಕೆ ಹೀಗೆ?

ಕಾರಣವು ಕಾಲೇಜಿನ ಆಟದ ಸ್ವರೂಪದಲ್ಲಿಯೇ ಇದೆ. ವೃತ್ತಿಪರ ಕ್ರೀಡೆಯಲ್ಲಿ ಮ್ಯಾನೇಜರ್ ಎಂಬಾತ ಬಂದು ಹೋಗುವವನು. ಅಲ್ಲಿಯ ಅಭಿಮಾನಿಗೆ ಹತ್ತು ಹನ್ನೆರಡು ವರ್ಷ ಒಂದೇ ಅಂಗಿ ತೊಟ್ಟು ಆಡುವ ಆಟಗಾರರು ಸಿಗಬಹುದು. ಜೈಂಟ್ಸ್ ತಂಡದ ಆಡಳಿತದ ಹೊಣೆ ಹೊತ್ತು ವಿಟೆಲ್ಲೊ ಅವರನ್ನು ಕರೆಸಿಕೊಂಡ ಬಸ್ಟರ್ ಪೋಸಿ ಅವರೇ ಇದಕ್ಕೆ ನಿದರ್ಶನ: ತಮ್ಮ ವೃತ್ತಿಜೀವನವನ್ನೆಲ್ಲ ಆ ಒಂದೇ ತಂಡದಲ್ಲಿ ಕಳೆದು, 2010, 2012 ಮತ್ತು 2014ರಲ್ಲಿ ಮೂರು ಸಲ ಅದಕ್ಕೆ ಪರಮ ಪ್ರಶಸ್ತಿ ಗೆದ್ದುಕೊಟ್ಟವರು ಅವರು. ಕಾಲೇಜಿನಲ್ಲಿ ಇದು ತಲೆಕೆಳಗು. ಹುಡುಗರು ಬರುತ್ತಾರೆ, ಮೀಸೆ ಬಲಿಯುತ್ತದೆ, ಹೋಗುತ್ತಾರೆ. ಉಳಿಯುವ ಮುಖ ಒಂದೇ, ತರಬೇತುದಾರನದು. ಈಚಿನ ವರ್ಷಗಳಲ್ಲಿ ಹುಡುಗರ ವಾಸವು ಇನ್ನೂ ಮೊಟಕಾಗಿದೆ. 2021ರಿಂದ ಒಂದು ಸಲ, 2024ರಿಂದ ಎಷ್ಟು ಸಲವಾದರೂ, ಆಟದ ವರ್ಷವನ್ನು ಕಳೆದುಕೊಳ್ಳದೆ ವಿಶ್ವವಿದ್ಯಾಲಯವನ್ನು ಬದಲಿಸಲು ಅವರಿಗೆ ಅನುಮತಿ ದೊರೆಯಿತು. 2025ರ ಜುಲೈನಿಂದ ವಿಶ್ವವಿದ್ಯಾಲಯಗಳೇ ಅವರಿಗೆ ನೇರವಾಗಿ ಹಣ ಕೊಡತೊಡಗಿದವು. ಹೀಗೆ ಎಲ್ಲವೂ ಚಲಿಸುವ ಬಯಲಿನಲ್ಲಿ ನೆಟ್ಟ ಕಂಬ ಒಂದೇ ಇದ್ದಾಗ, ಅಭಿಮಾನವೆಂಬ ಬಳ್ಳಿಯು ಅದನ್ನೇ ಸುತ್ತುವುದಲ್ಲದೆ ಮತ್ತೇನನ್ನು ಸುತ್ತೀತು? ಅಭಿಮಾನಿಗಳು ತಾವು ಕಿತ್ತಳೆ ಬಣ್ಣದ ಅಂಗಿಗೆ ನಿಷ್ಠರೆಂದು ಪ್ರಾಮಾಣಿಕವಾಗಿಯೇ ನಂಬಿದ್ದರು. ಆ ಅಂಗಿಯ ಒಳಗೆ ಒಬ್ಬ ನಿರ್ದಿಷ್ಟ ಮನುಷ್ಯನಿದ್ದನೆಂಬುದು ಅಕ್ಟೋಬರ್ 22ರಂದು ಅವರಿಗೆ ತಿಳಿಯಿತು.

ಬಿಟ್ಟುಹೋಗುವ ರೀತಿಗಳಲ್ಲಿಯೂ ತಾರತಮ್ಯವಿದೆ. ನಾಕ್ಸ್‌ವಿಲ್‌ಗೆ ಈ ಅನುಭವ ಹೊಸದಲ್ಲ. 2010ರ ಜನವರಿಯಲ್ಲಿ ಅಲ್ಲಿಯ ಫುಟ್‌ಬಾಲ್ ತರಬೇತುದಾರ ಲೇನ್ ಕಿಫಿನ್ ಒಂದೇ ಋತು ಕಳೆದು ಕ್ಯಾಲಿಫೋರ್ನಿಯದ ಇನ್ನೊಂದು ವಿಶ್ವವಿದ್ಯಾಲಯಕ್ಕೆ ಹೊರಟಾಗ ವಿದ್ಯಾರ್ಥಿಗಳು ಬೀದಿಗಿಳಿದು ಹಾಸಿಗೆ ಸುಟ್ಟರು. 2024ರ ಆ ಅಂತಿಮ ಪಂದ್ಯದಲ್ಲಿ ಸೋತ ಎ ಅಂಡ್ ಎಂ ತಂಡದ ಕಥೆಯಾದರೋ ಇನ್ನೂ ಕಹಿಯಾದುದು. ಸೋತ ರಾತ್ರಿಯೇ ವರದಿಗಾರನೊಬ್ಬನು ತರಬೇತುದಾರ ಜಿಮ್ ಶ್ಲಾಸ್‌ನಾಗಲ್ ಅವರನ್ನು, ಬೇರೆಡೆಗೆ ಹೋಗುವಿರಾ ಎಂಬರ್ಥದಲ್ಲಿ ಪ್ರಶ್ನಿಸಿದನು. ಮತ್ತೊಂದು ಕೆಲಸ ಹಿಡಿಯಬಾರದೆಂದೇ ತಾವು ಇಲ್ಲಿಗೆ ಬಂದದ್ದೆಂದು ಅವರು ಸಿಟ್ಟಿನಿಂದ ಉತ್ತರಿಸಿದರು. ಮಾರನೆಯ ದಿನ ಅವರು ಟೆಕ್ಸಾಸ್ ವಿಶ್ವವಿದ್ಯಾಲಯದ ತರಬೇತುದಾರರಾಗಿದ್ದರು. ಅದು ಅನ್ಯ ವಿಶ್ವವಿದ್ಯಾಲಯ ಮಾತ್ರವಲ್ಲ, ಎ ಅಂಡ್ ಎಂನ ಹುಟ್ಟು ವೈರಿ. ಮರುವರ್ಷ ದೇಶದ ಅಗ್ರತಂಡವೆಂಬ ನಿರೀಕ್ಷೆಯೊಡನೆ ಋತುವನ್ನು ಆರಂಭಿಸಿದ ಎ ಅಂಡ್ ಎಂ ರಾಷ್ಟ್ರೀಯ ಪಂದ್ಯಾವಳಿಗೆ ಅರ್ಹತೆಯನ್ನೇ ಪಡೆಯಲಿಲ್ಲ.

ಇವುಗಳ ಪಕ್ಕದಲ್ಲಿಟ್ಟು ನೋಡಿದರೆ ವಿಟೆಲ್ಲೊ ಅವರ ನಿರ್ಗಮನದಲ್ಲಿ ದ್ರೋಹವೆನ್ನಬಹುದಾದ ಅಂಶ ಕಾಣುವುದಿಲ್ಲ. ಜೈಂಟ್ಸ್ ತಂಡವು ಟೆನೆಸ್ಸೀಯನ್ನು ಎಂದಿಗೂ ಎದುರಿಸುವುದಿಲ್ಲ. ಅಭಿಮಾನಿಯು ಮುಂದೆ ತನ್ನ ಹಳೆಯ ಗುರುವಿನ ಸೋಲನ್ನು ಬಯಸಬೇಕಾದ ಸಂಕಟಕ್ಕೆ ಬೀಳುವುದಿಲ್ಲ. ಇಷ್ಟೇ ಅಲ್ಲ, ನಾಕ್ಸ್‌ವಿಲ್‌ನಲ್ಲಿ ವಿಟೆಲ್ಲೊ ಅವರ ಕೈಕೆಳಗೆ ಬೆಳೆದ ಡ್ರೂ ಗಿಲ್ಬರ್ಟ್ 2025ರ ಆಗಸ್ಟ್‌ನಲ್ಲಿ ಆಗಲೇ ಜೈಂಟ್ಸ್ ಪರವಾಗಿ ಮೈದಾನಕ್ಕಿಳಿದಿದ್ದನು. ಜೈಂಟ್ಸ್‌ನ ಬಣ್ಣದಲ್ಲಿಯೂ ಕಿತ್ತಳೆ ಇದೆಯೆಂಬುದನ್ನು ಸಮಾಧಾನ ಹುಡುಕುವವರು ನೆನೆಯದಿರಲಿಲ್ಲ. ಎರಡು ತಂಡಗಳನ್ನು ಏಕಕಾಲದಲ್ಲಿ ಪ್ರೀತಿಸಲು ಯಾವ ಅಡ್ಡಿಯೂ ಇಲ್ಲ. ಹಾಗೆಂದು ಪ್ರೀತಿಸಲೇಬೇಕೆಂಬ ಋಣವೂ ಇಲ್ಲ.

ಹಾಗಾದರೆ ದೂರಲು ಏನೂ ಇಲ್ಲವೇ? ಇದೆ. ಆದರೆ ಆ ದೂರಿನ ಹಕ್ಕುದಾರರು ಪೆವಿಲಿಯನ್ನಿನಲ್ಲಿ ಕುಳಿತವರಲ್ಲ. ವೃತ್ತಿಪರ ಬೇಸ್‌ಬಾಲಿನ ವರ್ಷವು ಶರತ್ಕಾಲದಲ್ಲಿ ಮುಗಿಯುತ್ತದೆ. ಆದಕಾರಣ ಅಲ್ಲಿ ಹಳಬರನ್ನು ಕಳುಹಿಸಿ ಹೊಸಬರನ್ನು ಕರೆಯುವುದು ಅಕ್ಟೋಬರ್ ನವೆಂಬರ್‌ಗಳಲ್ಲಿ. ಕಾಲೇಜಿನ ವರ್ಷವಾದರೋ ಆಗಸ್ಟ್‌ನಲ್ಲಿ ಆರಂಭವಾಗುತ್ತದೆ. ಅಕ್ಟೋಬರ್‌ನಲ್ಲಿ ಅಭ್ಯಾಸ ಭರದಿಂದ ಸಾಗಿರುತ್ತದೆ, ನವೆಂಬರ್‌ನಲ್ಲಿ ಮುಂದಿನ ವರ್ಷದ ಹುಡುಗರು ಒಪ್ಪಂದಕ್ಕೆ ಸಹಿ ಮಾಡುತ್ತಾರೆ, ಫೆಬ್ರುವರಿಯಲ್ಲಿ ಆಟ. ಈ ಎರಡು ಪಂಚಾಂಗಗಳು ಒಂದಕ್ಕೊಂದು ಹೊಂದುವುದಿಲ್ಲ. ಯಾರ ಕೇಡುಬುದ್ಧಿಯೂ ಇಲ್ಲದೆಯೇ, ಈ ಹೊಂದದಿರುವಿಕೆಯ ಭಾರವು ಹದಿನೆಂಟು ಹತ್ತೊಂಬತ್ತರ ಹುಡುಗರ ಹೆಗಲಿಗೆ ಬಿತ್ತು. ಅವರಲ್ಲಿ ಹಲವರು ಊರನ್ನು ನೋಡಿ ಬಂದವರಲ್ಲ, ಈ ಒಬ್ಬ ಮನುಷ್ಯನ ಮಾತನ್ನು ನಂಬಿ ಬಂದವರು. ಜೈಂಟ್ಸ್ ತಂಡವು ಅವರನ್ನು ಕರೆಯುತ್ತಿದೆಯೆಂಬ ಸುದ್ದಿ ಹಬ್ಬಿದ ಮೇಲೂ ಕೆಲವು ದಿನ ಅವರು ಈ ಹುಡುಗರಿಗೆ ಅಭ್ಯಾಸ ನಡೆಸುತ್ತಿದ್ದರು. ಹೋಗುವವನೂ ಇರುವವನೂ ಆಗಿ ಮೈದಾನದಲ್ಲಿ ನಿಲ್ಲುವುದು ಗುರುವಿಗೆ ಕಷ್ಟ, ಶಿಷ್ಯರಿಗೆ ಅದಕ್ಕಿಂತ ಕಷ್ಟ. ತರಬೇತುದಾರ ಬದಲಾದಾಗ ಆಟಗಾರರಿಗೂ ಬೇರೆಡೆಗೆ ಹೋಗಲು ಮೂವತ್ತು ದಿನಗಳ ಅವಕಾಶವಿತ್ತೆಂಬುದು ನಿಜ. ಪಾಠಗಳು ಅರ್ಧ ಮುಗಿದ ಅಕ್ಟೋಬರ್‌ನಲ್ಲಿ ಅಂತಹ ಅವಕಾಶವು ಕಾಗದದ ಮೇಲೆ ಕಾಣುವಷ್ಟು ದೊಡ್ಡದಲ್ಲ.

ಇನ್ನೊಂದು ಮಾತನ್ನು ಸಂಸ್ಥೆಗಳನ್ನು ನಡೆಸುವವರು ಕಹಿಯಾದರೂ ಕೇಳಬೇಕು. ವಿಟೆಲ್ಲೊ ಅವರ ಗೆಲುವುಗಳ ಬಲದಿಂದಲೇ ಟೆನೆಸ್ಸೀಯ ಲಿಂಡ್ಸೆ ನೆಲ್ಸನ್ ಕ್ರೀಡಾಂಗಣವನ್ನು ಸುಮಾರು ಹತ್ತು ಕೋಟಿ ಡಾಲರ್ ವೆಚ್ಚದಲ್ಲಿ ವಿಸ್ತರಿಸುವ ಯೋಜನೆ ಹುಟ್ಟಿತು. ಒಬ್ಬ ವ್ಯಕ್ತಿಯ ಮುಖವನ್ನು ಮುಂದಿಟ್ಟು ಸಂಸ್ಥೆಯು ಕಾಣಿಕೆ ಎತ್ತುವಾಗ, ದಾನಿಯು ಕೊಟ್ಟದ್ದು ಸಂಸ್ಥೆಗೋ ಆ ವ್ಯಕ್ತಿಗೋ ಎಂಬ ಪ್ರಶ್ನೆಯನ್ನು ಯಾರೂ ಎತ್ತುವುದಿಲ್ಲ. ಹಾಗೆ ಎತ್ತದಿರುವುದು ಇಬ್ಬರಿಗೂ ಅನುಕೂಲ. ವ್ಯಕ್ತಿ ಹೊರಟಾಗ ಆ ಪ್ರಶ್ನೆ ತಾನಾಗಿ ಎದ್ದು ನಿಲ್ಲುತ್ತದೆ. ಆಗ ಸಂಸ್ಥೆಯು ವ್ಯಕ್ತಿಗಿಂತ ದೊಡ್ಡದೆಂದು ಉಪದೇಶ ಮಾಡಹೊರಟರೆ, ಅದನ್ನು ಮೊದಲೇ ಹೇಳಬಹುದಿತ್ತಲ್ಲವೇ ಎಂದು ದಾನಿಯು ಕೇಳಿಯಾನು. ಅಷ್ಟಕ್ಕೂ, ವಿಟೆಲ್ಲೊ ಅವರ ಕರಾರಿನಲ್ಲಿ, ನಡುವೆ ಬಿಟ್ಟುಹೋದರೆ ವಿಶ್ವವಿದ್ಯಾಲಯಕ್ಕೆ ಸಲ್ಲಬೇಕಾದ ಮೂವತ್ತು ಲಕ್ಷ ಡಾಲರಿನ ಪರಿಹಾರವನ್ನು ಬರೆದಿಡಲಾಗಿತ್ತು. ಬಿಡುಗಡೆಗೆ ಬೆಲೆ ಕಟ್ಟಿ ರುಜು ಹಾಕಿದವರು, ಬೆಲೆ ಸಂದ ಮೇಲೆ ನಿಷ್ಠೆಯ ಮಾತನ್ನಾಡುವುದು ಶೋಭಿಸದು.

ಹೋಗದೆ ಉಳಿದವರ ಉದಾಹರಣೆಯನ್ನು ಕೆಲವರು ಎತ್ತುತ್ತಾರೆ. ಅದೇ ನಾಕ್ಸ್‌ವಿಲ್‌ನಲ್ಲಿ ಪ್ಯಾಟ್ ಸಮಿಟ್ ಎಂಬ ಮಹಿಳೆ 1974ರಲ್ಲಿ, ಇಪ್ಪತ್ತೆರಡರ ವಯಸ್ಸಿನಲ್ಲಿ, ಮಹಿಳೆಯರ ಬ್ಯಾಸ್ಕೆಟ್‌ಬಾಲ್ ತಂಡದ ಹೊಣೆ ಹೊತ್ತು, 2012ರವರೆಗೆ ಮೂವತ್ತೆಂಟು ಋತುಗಳನ್ನು ಅಲ್ಲಿಯೇ ಕಳೆದರು. ಎಂಟು ರಾಷ್ಟ್ರೀಯ ಪ್ರಶಸ್ತಿಗಳು, 1,098 ಗೆಲುವುಗಳು. ನೆನಪಿನ ಶಕ್ತಿಯನ್ನೇ ಕಸಿಯುವ ಕಾಯಿಲೆ ತಮಗೆ ತಗುಲಿದೆಯೆಂದು 2011ರಲ್ಲಿ ಲೋಕಕ್ಕೆ ತಿಳಿಸಿಯೂ ಇನ್ನೊಂದು ಋತುವನ್ನು ಅವರು ತಂಡದೊಡನೆ ನಡೆಸಿದರು. ಅಂತಹ ಬಾಳು ವಂದನೀಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದನ್ನು ಕೋಲಾಗಿ ಹಿಡಿದು ಇನ್ನೊಬ್ಬನನ್ನು ಹೊಡೆಯುವುದು ಆ ಬಾಳಿಗೇ ಮಾಡುವ ಅವಮಾನ. ಸಮಿಟ್ ಅವರು ಉಳಿದದ್ದು ಉಳಿಯಬೇಕೆನಿಸಿದ್ದರಿಂದ. ಅಭಿಮಾನಿಗಳು ಸಾಲಪತ್ರ ಬರೆಸಿಕೊಂಡಿದ್ದರೆಂದಲ್ಲ. ಮನಸ್ಸಿಲ್ಲದೆ ಉಳಿದ ಗುರುವು ಯಾವ ಶಿಷ್ಯನಿಗೆ ಏನನ್ನು ಕಲಿಸಿಯಾನು?

ವಿಟೆಲ್ಲೊ ಅವರ ತಂದೆ ಗ್ರೆಗ್ ವಿಟೆಲ್ಲೊ ಅವರೂ ತರಬೇತುದಾರರೇ. ಸೇಂಟ್ ಲೂಯಿಸ್ ನಗರದ ಹೊರವಲಯದಲ್ಲಿ ಜೆಸ್ಯೂಟ್ ಗುರುಗಳು ಸ್ಥಾಪಿಸಿದ ಡಿ ಸ್ಮೆಟ್ ಪ್ರೌಢಶಾಲೆಯಲ್ಲಿ ಅವರು ದಶಕಗಳ ಕಾಲ ಹುಡುಗರಿಗೆ ಬೇಸ್‌ಬಾಲನ್ನೂ ಸಾಕರನ್ನೂ ಕಲಿಸಿದರು. ಒಂದೇ ಶಾಲೆಯಲ್ಲಿ ನೆಲೆನಿಂತ ತಂದೆಯ ಮಗನು ಮಿಸೌರಿ, ಟೆಕ್ಸಾಸ್ ಕ್ರಿಶ್ಚಿಯನ್, ಅರ್ಕಾನ್ಸಾ, ಟೆನೆಸ್ಸೀ ಎಂದು ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ನಡೆದನು. ಟೆನೆಸ್ಸೀಗೆ ಬಂದಾಗಲೂ ಅವರು ಅರ್ಕಾನ್ಸಾದ ಹುಡುಗರನ್ನು ಬಿಟ್ಟೇ ಬಂದಿದ್ದರು. ಆ ದಿನ ಅದು ನಾಕ್ಸ್‌ವಿಲ್‌ಗೆ ತಪ್ಪಾಗಿ ಕಾಣಲಿಲ್ಲ.

ಅಕ್ಟೋಬರ್ ಮುಗಿಯುವುದರೊಳಗೆ ವಿಶ್ವವಿದ್ಯಾಲಯವು ಹೊರಗಿನ ಹೆಸರುಗಳ ಹಿಂದೆ ಹೋಗದೆ, ಆರಂಭದಿಂದಲೂ ವಿಟೆಲ್ಲೊ ಅವರ ಬಳಗದಲ್ಲಿದ್ದ ಜಾಷ್ ಇಲ್ಯಾಂಡರ್ ಅವರಿಗೆ ತಂಡವನ್ನು ಒಪ್ಪಿಸಿತು. ಊರೂರು ಅಲೆದು, ಹುಡುಗರನ್ನು ಗುರುತಿಸಿ, ಅವರ ತಂದೆತಾಯಿಗಳೊಡನೆ ಮಾತನಾಡಿ ಅವರನ್ನು ನಾಕ್ಸ್‌ವಿಲ್‌ಗೆ ಕರೆತರುವ ಕೆಲಸದಲ್ಲಿ ವರ್ಷಗಟ್ಟಲೆ ದುಡಿದವರು ಅವರು. ಪ್ರಶಸ್ತಿ ಗೆದ್ದ ರಾತ್ರಿಯೂ ಅವರು ಅಲ್ಲಿಯೇ ಇದ್ದರು. ಎಂಟು ವರ್ಷ ಒಬ್ಬನ ಹೆಸರನ್ನೇ ಕೂಗಿದ ಜನಕ್ಕೆ ಅವರ ಮುಖವನ್ನು ಗುರುತಿಸಲು ಪ್ರಾಯಶಃ ಕೆಲವು ವಾರಗಳು ಬೇಕಾದವು.